ಬೆಳಗಿನ ಜಾವದ ಪಟ್ಟಿಗೆ ನಿನ್ನೆಯ ತಾರೀಕು: ಕಣ್ಣಿ ಮಾರ್ಕೆಟ್ಟಿನ ಒಂದು ಜಾವಾಸ್ಕ್ರಿಪ್ಟ್ ರಿಪೇರಿ

ಕಲಬುರಗಿಯ ಕಣ್ಣಿ ಮಾರ್ಕೆಟ್ಟಿನಲ್ಲಿ ಒಂದು ತರಕಾರಿ ಅಡತಿ ಅಂಗಡಿ. ಅಲ್ಲಿ ಪಟ್ಟಿ, ಅಂದರೆ ರೈತನಿಗೆ ಕೊಡುವ ಲೆಕ್ಕದ ಚೀಟಿ, ಬರೆಯಲು ಒಂದು ವೆಬ್ ಪುಟ ಇದೆ. ರೈತನ ಹೆಸರು, ಊರು, ಮಾಲು, ತೂಕ, ದರ ಹಾಕಿದರೆ ಹಮಾಲಿ, ಗಾಡಿ ಬಾಡಿಗೆ, ಮೊದಲೇ ಕೊಟ್ಟ ಮುಂಗಡ ಕಳೆದು ಕೈಗೆ ಎಷ್ಟು ಕೊಡಬೇಕು ಅಂತ ತೋರಿಸುತ್ತದೆ. ಬಟನ್ ಒತ್ತಿದರೆ ಪುಟ್ಟ ಥರ್ಮಲ್ ಪ್ರಿಂಟರ್‌ನಿಂದ ಚೀಟಿ ಬರುತ್ತದೆ. ಅಷ್ಟೇ ಕೆಲಸ. ಡೇಟಾಬೇಸ್ ಇಲ್ಲ. ಪುಟದ ಫೈಲುಗಳು ಒಂದು ಉಚಿತ ಹೋಸ್ಟಿಂಗ್‌ನಲ್ಲಿವೆ, ಒಮ್ಮೆ ತೆರೆದ ಮೇಲೆ ನೆಟ್ ಹೋದರೂ ನಡೆಯುತ್ತದೆ. ಲೆಕ್ಕವೆಲ್ಲ ಅಂಗಡಿಯ ಆಂಡ್ರಾಯ್ಡ್ ಟ್ಯಾಬಿನ ಬ್ರೌಸರ್ ಒಳಗೇ, ಲೋಕಲ್ ಸ್ಟೋರೇಜ್‌ನಲ್ಲಿ ಉಳಿಯುತ್ತದೆ. ಬರೆದವನು ಅಂಗಡಿಯ ಕಾಕಾರ ಅಕ್ಕನ ಮಗ, ಬಿಸಿಎ ಓದುವ ಹುಡುಗ. ಯಾವ ಫ್ರೇಮ್‌ವರ್ಕೂ ಇಲ್ಲದೆ ಬರೀ ಜಾವಾಸ್ಕ್ರಿಪ್ಟಿನಲ್ಲಿ, ಅಂದರೆ ಬ್ರೌಸರ್ ಒಳಗೆ ಓಡುವ ಭಾಷೆಯಲ್ಲಿ, ಇಷ್ಟು ಮಾಡಿದ್ದಾನೆ ಅಂದರೆ ನನಗೇನೋ ಮೆಚ್ಚುಗೆಯೇ.

ದೂರು ತಂದವರು ಕಾಕಾ. ನಮ್ಮ ಓಣಿಯವರೇ.

"ತಮ್ಮಾ, ಮುಂಜಾನಿ ಬರ್ದಿದ್ ಪಟ್ಟಿಗಿ ನಿನ್ನಿ ತಾರೀಖ್ ಬರ್ಲತ್ತದ ನೋಡು. ಎಲ್ಲಾಕ್ಕೂ ಅಲ್ಲ, ಒಂದೊಂದಕ್ಕ. ರೈತ್ರು ಜಗಳಾ ತೆಗಿಲತ್ತಾರ."

ತಾರೀಕು ಒಂದು ದಿನ ಹಿಂದೆ ಮುಂದೆ ಆದರೆ ಏನು ಮಹಾ ಅನ್ನಬೇಡಿ. ತರಕಾರಿ ದರ ದಿನಕ್ಕೊಂದು. ನಿನ್ನೆ ಟೊಮೆಟೊ ಕ್ರೇಟಿಗೆ ಇದ್ದ ದರ ಇವತ್ತು ಇರುವುದಿಲ್ಲ. ವಾರದ ಕೊನೆಗೆ ಚೀಟಿಗಳ ಕಟ್ಟು ಹಿಡಿದು ಹಣಕ್ಕೆ ಬರುವ ರೈತನಿಗೆ, ತಾನು ಮಾರ್ಕೆಟ್ಟಿಗೇ ಬಾರದ ದಿನದ ತಾರೀಕು ಕಂಡರೆ ಸಂಶಯ ಬಂದೇ ಬರುತ್ತದೆ. ಬರಬೇಕಾದದ್ದೇ.

ರಿಪೇರಿ ಮಾಡುವವರಿಗೆ ತಲೆನೋವು ಅಂದರೆ ಆ "ಒಂದೊಂದಕ್ಕ". ಯಾವಾಗಲೂ ಕೆಡುವುದನ್ನು ಹಿಡಿಯಬಹುದು. ಒಮ್ಮೊಮ್ಮೆ ಮಾತ್ರ ಕೆಡುವುದು ನಾವು ನೋಡಲು ಕೂತಾಗ ಸರಿಯಾಗೇ ಇರುತ್ತದೆ.

ಹುಡುಗ ಮೊದಲು ಕೇಳಿದ ಬಗೆ

ನನ್ನ ಹತ್ತಿರ ಬರುವ ಮೊದಲೇ ಹುಡುಗ ತನ್ನ ಸೀನಿಯರ್‌ಗಳನ್ನು, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಊರಿನವರನ್ನು ಕೇಳಿದ್ದ. ಕಳಿಸಿದ್ದ ಮೆಸೇಜ್ ತೋರಿಸಿದ. "ಜಾವಾಸ್ಕ್ರಿಪ್ಟ್ ಡೇಟ್ ರಾಂಗ್ ಬರ್ತಿದೆ, ಅರ್ಜೆಂಟ್, ಪ್ಲೀಸ್ ಹೆಲ್ಪ್." ಜೊತೆಗೆ ಲ್ಯಾಪ್‌ಟಾಪ್ ಪರದೆಯನ್ನು ಮೊಬೈಲಿನಿಂದ ಹೊಡೆದ ಫೋಟೊ. ಫೋಟೊದ ನಡುವೆ ಟ್ಯೂಬ್‌ಲೈಟ್ ಮಿನುಗುತ್ತಿತ್ತು. ಇನ್ನೊಂದು ಫೈಲಿನಲ್ಲಿ ಇಡೀ ಪ್ರಾಜೆಕ್ಟ್ ಜಿಪ್ ಮಾಡಿ ಹಾಕಿದ್ದ.

ಉತ್ತರಗಳು ಬಂದಿದ್ದವು. ಒಬ್ಬರು ಕ್ಯಾಶ್ (ಬ್ರೌಸರ್ ಉಳಿಸಿಟ್ಟುಕೊಂಡ ನಕಲು) ಕ್ಲಿಯರ್ ಮಾಡು ಅಂದರು. ಒಬ್ಬರು ತಾರೀಕಿನ ಲೆಕ್ಕಕ್ಕೆಂದೇ ಬರೆದಿಟ್ಟ ಸಿದ್ಧ ಕೋಡು, ಮೊಮೆಂಟ್ ಲೈಬ್ರರಿ, ಹಾಕು ಅಂದರು. 2020ರಲ್ಲೇ ಆ ಲೈಬ್ರರಿ ನಡೆಸುವವರೇ ಹೊಸ ಕೆಲಸಕ್ಕೆ ಇದನ್ನು ಬಳಸಬೇಡಿ ಅಂದಿದ್ದಾರೆ, ಆದರೂ ಈ ಸಲಹೆ ಇನ್ನೂ ಓಡಾಡುತ್ತಿದೆ. ಮತ್ತೊಬ್ಬರು ಟ್ಯಾಬಿನ ಟೈಮ್ ಝೋನ್ ನೋಡು ಅಂದರು. ಹುಡುಗ ನೋಡಿದ, ಭಾರತದ್ದೇ ಇತ್ತು, ಅಲ್ಲಿಗೆ ಬಿಟ್ಟ. ನಿಜವಾಗಿ ಹತ್ತಿರ ಬಂದಿದ್ದವರು ಇವರೊಬ್ಬರೇ.

ಉತ್ತರ ಕೊಟ್ಟವರನ್ನು ನಾನು ಬೈಯುವುದಿಲ್ಲ. ಫೋಟೊದಲ್ಲಿರುವ ಕೋಡನ್ನು ಓಡಿಸಿ ನೋಡಲು ಆಗುವುದಿಲ್ಲ. ಸಾವಿರಕ್ಕೂ ಜಾಸ್ತಿ ಸಾಲಿನ ಫೈಲನ್ನು ಕೆಲಸ ಮುಗಿಸಿ ಬಂದ ರಾತ್ರಿ ಯಾರು ಓದುತ್ತಾರೆ? ಅವರಿಗೆ ಉಳಿದದ್ದು ಊಹೆ. ಊಹಿಸಿ ಹೇಳಿದರು.

ಕೈ ಹಾಕುವ ಮೊದಲು ನಕಲು

ಮೊದಲ ಕೆಲಸ, ಟ್ಯಾಬಿನಲ್ಲಿದ್ದ ಲೆಕ್ಕ ಹೊರಗೆ ತೆಗೆದದ್ದು. ಲೋಕಲ್ ಸ್ಟೋರೇಜ್ ನಂಬಿ ವ್ಯಾಪಾರ ನಡೆಸುವುದು ನನಗೆ ಸರಿ ಕಾಣುವುದಿಲ್ಲ. ಯಾರಾದರೂ ಫೋನ್ ಸ್ಲೋ ಆಯಿತು ಅಂತ ಬ್ರೌಸರ್ ಡೇಟಾ ಅಳಿಸಿದರೆ ಎಲ್ಲ ಹೋಯಿತು. ಜಾಗವೂ ಸುಮಾರು 5 ಎಂಬಿ ಮಾತ್ರ. ಪುಟಕ್ಕೆ ಒಂದು ಬಟನ್ ಸೇರಿಸಿ, ಎಲ್ಲ ಪಟ್ಟಿಗಳೂ ಒಂದು ಜೇಸನ್ ಫೈಲಾಗಿ ಡೌನ್‌ಲೋಡ್ ಆಗುವ ಹಾಗೆ ಮಾಡಿದೆವು. ಅದನ್ನು ಪೆನ್ ಡ್ರೈವಿಗೆ ಹಾಕಿ ಕಾಕಾರ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟೆವು. ಇನ್ನು ಧೈರ್ಯವಾಗಿ ಬಿಚ್ಚಬಹುದು.

ಫೈಲ್ ತೆರೆದು ನೋಡಿದಾಗ ಒಂದು ಒಳ್ಳೆಯ ಸುದ್ದಿ ಸಿಕ್ಕಿತು. ಪ್ರತಿ ಪಟ್ಟಿಯ ಜೊತೆ ಎರಡು ಸಂಗತಿ ಉಳಿದಿದ್ದವು. ಒಂದು ತಾರೀಕಿನ ಅಕ್ಷರಗಳು, 2025-01-14 ಇದ್ದ ಹಾಗೆ. ಇನ್ನೊಂದು ಡೇಟ್ ನೌ ಕೊಟ್ಟ ಉದ್ದದ ಸಂಖ್ಯೆ, ಅಂದರೆ 1970ರ ಜನವರಿ 1ರಿಂದ ಲೆಕ್ಕ ಹಾಕಿದ ಮಿಲಿಸೆಕೆಂಡುಗಳು. ತಾರೀಕು ತಪ್ಪಿದ್ದರೂ ಆ ಸಂಖ್ಯೆ ಸರಿಯಾಗೇ ಇರಬೇಕು. ಇದು ಮುಂದೆ ಬಹಳ ಕೆಲಸಕ್ಕೆ ಬಂತು.

ಶನಿವಾರದ ಮೇಜು

ಸೂಪರ್ ಮಾರ್ಕೆಟ್ ಕಡೆಯ ಒಂದು ಹೋಟೆಲಿನಲ್ಲಿ ಶನಿವಾರ ಸಂಜೆ ನಾವು ಕೆಲವರು ಪ್ರೋಗ್ರಾಮರ್‌ಗಳು ಕೂಡುತ್ತೇವೆ. ಒಬ್ಬರು ಕಾಲೇಜಿನಲ್ಲಿ ಪಾಠ ಮಾಡುವ ಸರ್. ಇಬ್ಬರು ಊರಲ್ಲೇ ಕೂತು ಬೆಂಗಳೂರಿನ ಕಂಪನಿಗಳಿಗೆ ದುಡಿಯುವವರು. ಬೀದರಿನಲ್ಲಿರುವ ನನ್ನ ಕಾಲೇಜು ಗೆಳತಿ ಫೋನಿನಲ್ಲಿ ಸೇರಿಕೊಳ್ಳುತ್ತಾಳೆ. ಸುಸಲಾ, ಮಿರ್ಚಿ ಭಜಿ, ಚಹಾ. ಯಾರದ್ದಾದರೂ ಕೋಡ್ ಕೆಟ್ಟಿದ್ದರೆ ಅದೂ ಮೇಜಿನ ಮೇಲೆ ಬರುತ್ತದೆ. ಒಂದೇ ಕಟ್ಟಳೆ ಇದೆ. ತಂದವರು ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಚಹಾ ಆರುವುದರೊಳಗೆ ಓಡುವಂಥದ್ದನ್ನು ತರಬೇಕು. ಇಡೀ ಪ್ರಾಜೆಕ್ಟ್ ತಂದರೆ ಸರ್ ಮುಟ್ಟುವುದೇ ಇಲ್ಲ.

ಹಾಗಾಗಿ ಹುಡುಗನ ಜೊತೆ ಕೂತು ಕೋಡ್ ಕತ್ತರಿಸತೊಡಗಿದೆ. ಪ್ರಿಂಟ್ ಭಾಗ ತೆಗೆ. ಈಗಲೂ ತಾರೀಕು ತಪ್ಪುವ ಸಾಧ್ಯತೆ ಇದೆಯಾ? ಇದೆ. ಹಮಾಲಿ ಲೆಕ್ಕ ತೆಗೆ. ರೈತರ ಹೆಸರಿನ ಪಟ್ಟಿ ತೆಗೆ. ಬಣ್ಣ, ಲೋಗೊ ಎಲ್ಲ ತೆಗೆ. ಹುಡುಗನಿಗೆ ಸಂಕಟವೋ ಸಂಕಟ, ಆದರೆ ಇದು ನಕಲಿನ ಮೇಲೆ ನಡೆದ ಕೆಲಸ. ಕೊನೆಗೆ ಉಳಿದದ್ದು ಒಂದು ಬಟನ್, ಒಂದು ತಾರೀಕಿನ ಪೆಟ್ಟಿಗೆ, ಬೆರಳೆಣಿಕೆಯ ಸಾಲು. ಪುಟ ತೆರೆದಾಗ, ಪ್ರತಿ ಪಟ್ಟಿ ಮುಗಿದಾಗ, ಪೆಟ್ಟಿಗೆಯಲ್ಲಿ ಇವತ್ತಿನ ತಾರೀಕು ತಾನೇ ತುಂಬಿಕೊಳ್ಳುವ ಭಾಗ ಅದು. ಹುಡುಗ ಹೊಸ ಡೇಟ್ ಮಾಡಿ, ಅದರ ಮೇಲೆ ತಾರೀಕು, ಸಮಯವನ್ನು ಅಕ್ಷರಗಳಾಗಿ ಕೊಡುವ ಟು-ಐಎಸ್ಒ-ಸ್ಟ್ರಿಂಗ್ ಕರೆದು, ಬಂದ ಉತ್ತರದ ಮೊದಲ 10 ಅಕ್ಷರ ಕತ್ತರಿಸಿದ್ದ. ಡೇಟ್ ಇನ್‌ಪುಟ್‌ಗೆ ವರ್ಷ-ತಿಂಗಳು-ದಿನ ಎಂಬ ರೂಪವೇ ಬೇಕು. ಆ ರೂಪ ಸುಲಭಕ್ಕೆ ಸಿಗುವ ದಾರಿ ಇದೇ. ಎಷ್ಟೋ ಪಾಠಗಳಲ್ಲಿ ಹೀಗೇ ಬರೆದಿರುತ್ತಾರೆ.

ಮೇಜಿನ ಮೇಲೆ ಓಡಿಸಿದೆವು. ಎಲ್ಲರ ಲ್ಯಾಪ್‌ಟಾಪಿನಲ್ಲೂ ಸರಿಯಾದ ತಾರೀಕು ಬಂತು. ಸಂಜೆ ಏಳು ಗಂಟೆ, ಕೆಡಲು ಒಲ್ಲದು.

ಆಗ ಫೋನಿನಿಂದ ಬೀದರಿನ ಗೆಳತಿಯ ದನಿ: "ಎಷ್ಟ್ ಗಂಟಿಗಿ ತಪ್ಪ್ತದ ಅಂತ ಯಾರರೇ ನೋಡೀರೇನು? ಅದು ಹೇಳ್ರಿ ಮೊದ್ಲು."

ಯಾರೂ ನೋಡಿರಲಿಲ್ಲ. ಕಾಕಾ ಹೇಳಿದ್ದು "ಮುಂಜಾನಿ". ಕಣ್ಣಿ ಮಾರ್ಕೆಟ್ಟಿನಲ್ಲಿ ಮುಂಜಾನೆ ಅಂದರೆ ಯಾವಾಗ? ಸುತ್ತಲಿನ ಹಳ್ಳಿಗಳಿಂದ ಮೆಂತ್ಯ, ಪುಂಡಿ ಪಲ್ಯ, ಬದನೆಕಾಯಿ ಹೇರಿಕೊಂಡ ಗಾಡಿಗಳು ನಸುಕಿಗೇ ಬರುತ್ತವೆ. ಲಿಲಾವು (ಹರಾಜು) ಕೂಗುವಾಗ ಊರು ಇನ್ನೂ ಮಲಗಿರುತ್ತದೆ. ಹುಡುಗ ಪುಟ ಬರೆದದ್ದು ಕಾಲೇಜು ಮುಗಿಸಿ ಬಂದ ಮೇಲೆ, ಪರೀಕ್ಷೆ ಮಾಡಿದ್ದೂ ಆಗಲೇ. ಪುಟವನ್ನು ನಿಜವಾಗಿ ಬಳಸುವ ಹೊತ್ತಿನಲ್ಲಿ ಅದನ್ನು ನೋಡಿದ್ದು ಗುಮಾಸ್ತರೊಬ್ಬರೇ.

ಡೌನ್‌ಲೋಡ್ ಮಾಡಿದ ಫೈಲು ಕೈಯಲ್ಲೇ ಇತ್ತಲ್ಲ. ತಪ್ಪಿದ ಪಟ್ಟಿಗಳ ಮಿಲಿಸೆಕೆಂಡ್ ಸಂಖ್ಯೆಯಿಂದ ಗಂಟೆ ತೆಗೆದು ಸಾಲಾಗಿ ಇಟ್ಟೆವು. 4:10, 4:52, 5:07, 5:26. ಐದೂವರೆಯ ಆಚೆ ಒಂದೂ ಇಲ್ಲ.

ಸರ್ ನಕ್ಕುಬಿಟ್ಟರು.

ಐದೂವರೆ ಗಂಟೆಯ ಗುಟ್ಟು

ನಮ್ಮ ಗಡಿಯಾರ ಯುಟಿಸಿಗಿಂತ, ಅಂದರೆ ಇಡೀ ಜಗತ್ತು ಅಳತೆಗೆ ಇಟ್ಟುಕೊಂಡ ಸಮಯಕ್ಕಿಂತ, 5 ಗಂಟೆ 30 ನಿಮಿಷ ಮುಂದೆ. ಪೂರ್ವ ರೇಖಾಂಶ 82.5 ಡಿಗ್ರಿಯನ್ನು ಇಡೀ ದೇಶದ ಸಮಯಕ್ಕೆ ಆಧಾರ ಮಾಡಿಕೊಂಡದ್ದರಿಂದ ಬಂದ ಅರ್ಧ ಗಂಟೆ ಅದು. ಟು-ಐಎಸ್ಒ-ಸ್ಟ್ರಿಂಗ್ ಯಾವಾಗಲೂ ಕೊಡುವುದು ಯುಟಿಸಿ ಸಮಯ. ಟ್ಯಾಬಿನ ಟೈಮ್ ಝೋನ್ ಏನೇ ಇರಲಿ, ಅದು ಕೇಳುವುದಿಲ್ಲ. 15ನೇ ತಾರೀಕು ಬೆಳಗಿನ ಜಾವ 4:52ಕ್ಕೆ ಯುಟಿಸಿಯಲ್ಲಿ ಇನ್ನೂ 14ನೇ ತಾರೀಕು ರಾತ್ರಿ 11:22. ಮೊದಲ 10 ಅಕ್ಷರ ಕತ್ತರಿಸಿದರೆ 14 ಬರುತ್ತದೆ. 5:29ರವರೆಗೂ 14. ಸರಿಯಾಗಿ 5:30ಕ್ಕೆ 15 ಆಗುತ್ತದೆ.

ನಸುಕಿನಲ್ಲಿ ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳೋಣ ಅಂತ ಆ ಚಿಕ್ಕ ಪುಟವನ್ನು ಗುಮಾಸ್ತರ ಮೊಬೈಲಿಗೆ ಹಾಕಿದೆವು. ಐದಕ್ಕೊಮ್ಮೆ, ಆರಕ್ಕೊಮ್ಮೆ ಬಟನ್ ಒತ್ತಿ ಪರದೆಯ ಫೋಟೊ ಕಳಿಸಿ ಅಂದೆವು. ಕೋಡಿನ ಫೋಟೊ ಕೆಲಸಕ್ಕೆ ಬಾರದು, ಫಲಿತಾಂಶದ ಫೋಟೊ ಮಾತ್ರ ಚಿನ್ನ. ಎರಡೂ ಬಂದವು. ಮೊದಲನೆಯದರಲ್ಲಿ ನಿನ್ನೆ, ಎರಡನೆಯದರಲ್ಲಿ ಇವತ್ತು.

ಅಮೆರಿಕದ ಟೆಕ್ಸಾಸಿನಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೂ ಅದೇ ಪುಟ ಕಳಿಸಿದೆ. ಚಳಿಗಾಲದಲ್ಲಿ ಅವರ ಗಡಿಯಾರ ಯುಟಿಸಿಗಿಂತ 6 ಗಂಟೆ ಹಿಂದೆ. ಅವನಿಗೆ ಕೇಡು ತಿರುಗಿ ಕಾಣಿಸಿತು. ಸಂಜೆ 6 ದಾಟಿದ ಮೇಲೆ ಪೆಟ್ಟಿಗೆಯಲ್ಲಿ ನಾಳೆಯ ತಾರೀಕು. ಅವನು ಹೇಳಿದ ಮಾತು ನಿಜ: ಅವರ ಕಡೆ ಕೆಲಸದ ದಿನ ಮುಗಿಯುವ ಹೊತ್ತಿಗೆ ಈ ತಪ್ಪು ಮುಖಕ್ಕೆ ಹೊಡೆಯುತ್ತದೆ, ಬೇಗ ಸಿಕ್ಕಿಬೀಳುತ್ತದೆ. ನಮ್ಮಲ್ಲಿ ಅದು ಕಾಣಬೇಕಾದರೆ ರಾತ್ರಿ 12ರಿಂದ ಐದೂವರೆಯ ನಡುವೆ ಎಚ್ಚರ ಇರಬೇಕು. ಆ ಹೊತ್ತಿನಲ್ಲಿ ಎಚ್ಚರ ಇರುವವರು ತರಕಾರಿ ಮಾರ್ಕೆಟ್ಟಿನವರು, ಹಾಲಿನವರು, ಆಸ್ಪತ್ರೆಯವರು, ಬಸ್ ಸ್ಟ್ಯಾಂಡಿನವರು. ಪ್ರೋಗ್ರಾಮರ್ ಎಚ್ಚರ ಇದ್ದರೂ ತಾರೀಕು ನೋಡುತ್ತಿರುವುದಿಲ್ಲ.

ಸರಿಪಡಿಸುವ ದಾರಿಯಲ್ಲಿ ಜಗಳ

ಕಾರಣ ಸಿಕ್ಕ ಮೇಲೆ ಮೇಜಿನಲ್ಲಿ ಒಮ್ಮತ ಇರುತ್ತದೆ ಅಂದುಕೊಂಡರೆ ತಪ್ಪು. ಬೆಂಗಳೂರಿನ ಕಂಪನಿಗಳಿಗೆ ದುಡಿಯುವ ಇಬ್ಬರಲ್ಲಿ ಒಬ್ಬ ಹೇಳಿದ, ಟು-ಲೊಕೇಲ್-ಡೇಟ್-ಸ್ಟ್ರಿಂಗ್‌ಗೆ ಸ್ವೀಡನ್ನಿನ ಲೊಕೇಲ್ (ಆ ದೇಶದ ಬರವಣಿಗೆಯ ರೂಢಿ) ಕೊಡಿ, ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಅಲ್ಲಿ ತಾರೀಕು ಬರೆಯುವುದೇ ವರ್ಷ-ತಿಂಗಳು-ದಿನದ ಕ್ರಮದಲ್ಲಿ, ಸಮಯವೂ ಸ್ಥಳೀಯ. ಓಡಿಸಿದರೆ ಸರಿಯಾಗೇ ಬಂತು.

ಬೀದರಿನ ಗೆಳತಿ ಒಪ್ಪಲಿಲ್ಲ. ಲೊಕೇಲ್ ರೂಪ ಇರುವುದು ಮನುಷ್ಯರು ಓದಲಿಕ್ಕೆ. ಅದು ಹೀಗೇ ಇರುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ. ಬ್ರೌಸರ್ ಹೊಸದಾದಾಗ ಬದಲಾದರೆ ಕಣ್ಣಿ ಮಾರ್ಕೆಟ್ಟಿನ ಗುಮಾಸ್ತರು ಸ್ವೀಡನ್ನಿಗೆ ಫೋನ್ ಮಾಡಬೇಕಾ? ನಾನೂ ಅವಳ ಕಡೆ. ವರ್ಷ, ತಿಂಗಳು, ದಿನ ಬೇರೆ ಬೇರೆ ತೆಗೆದು, ಪ್ಯಾಡ್-ಸ್ಟಾರ್ಟ್‌ನಿಂದ ಎರಡಂಕಿ ಮಾಡಿ, ನಡುವೆ ಗೆರೆ ಹಾಕಿ ಜೋಡಿಸುವ ಪುಟ್ಟ ಫಂಕ್ಷನ್ ಬರೆದೆವು. ನಾಲ್ಕು ಸಾಲು ಜಾಸ್ತಿ ಆಯಿತು. ಆದರೆ ಮುಂದಿನ ವರ್ಷ ಓದಿದವರಿಗೂ ಏನು ನಡೆದಿದೆ ಅಂತ ತಿಳಿಯುತ್ತದೆ.

ಗೆಟ್ ಮಂತ್ ಜನವರಿಗೆ 0 ಕೊಡುತ್ತದೆ, ಹಾಗಾಗಿ 1 ಕೂಡಿಸಬೇಕು. ಇದು ಯಾಕೆ ಹೀಗೆ ಅಂತ ಹುಡುಗ ಕೇಳಿದ. 1995ರಲ್ಲಿ ಬ್ರೌಸರ್ ಮಾಡುತ್ತಿದ್ದ ನೆಟ್‌ಸ್ಕೇಪ್‌ನಲ್ಲಿ ಜಾವಾಸ್ಕ್ರಿಪ್ಟ್ ಅವಸರದಲ್ಲಿ ಹುಟ್ಟಿದಾಗ ಡೇಟ್ ಅನ್ನು ಜಾವಾ ಎಂಬ ಬೇರೆ ಭಾಷೆಯಿಂದ ಹಾಗೇ ಎತ್ತಿಕೊಂಡರು. ಜಾವಾದವರು 1997ರಲ್ಲೇ ಅದರ ಬಹುಪಾಲು ಮೆಥಡ್‌ಗಳನ್ನು ಬಳಸಬೇಡಿ ಅಂತ ಗುರುತು ಹಾಕಿದರು. ಜಾವಾಸ್ಕ್ರಿಪ್ಟಿನಲ್ಲಿ ಅದು ಇವತ್ತಿಗೂ ಇದೆ, ಯಾಕೆಂದರೆ ವೆಬ್‌ನಲ್ಲಿ ಹಳೆಯದನ್ನು ಕಿತ್ತರೆ ಎಷ್ಟೋ ಪುಟಗಳು ಮುರಿಯುತ್ತವೆ. ಟೆಂಪೊರಲ್ ಅಂತ ಹೊಸದು ಬ್ರೌಸರ್‌ಗಳಿಗೆ ಬರುತ್ತಿದೆ, ಅದರಲ್ಲಿ ಬರೀ ತಾರೀಕಿಗೇ ಬೇರೆ ವಸ್ತು ಇದೆ. ಅಂಗಡಿಯ ಹಳೇ ಟ್ಯಾಬಿಗೆ ಅದನ್ನು ನಂಬುವಂತಿಲ್ಲ.

ಒಂದು ತಪ್ಪಿನ ಬೆನ್ನ ಹಿಂದೆ ಇನ್ನೊಂದು

ಇಷ್ಟಕ್ಕೇ ಎದ್ದು ಹೋಗುತ್ತಿದ್ದೆವು. ಸರ್ ತಡೆದರು. "ತಾರೀಕು ಬರಿಯೋ ಕಡೆ ಆಯ್ತ್ರಿ. ಓದೋ ಕಡೆ ಏನ್ ಮಾಡ್ಯಾನ ನೋಡ್ರಿ."

ನೋಡಿದರೆ ಅಲ್ಲೂ ಇತ್ತು, ಇನ್ನೂ ಚೆಂದಾಗಿ ಅಡಗಿಕೊಂಡು. ದಿನದ ಮೊತ್ತ ತೋರಿಸುವ ಜಾಗದಲ್ಲಿ ಹುಡುಗ 2025-01-15 ಎಂಬ ಅಕ್ಷರಗಳನ್ನು ಹೊಸ ಡೇಟ್‌ಗೆ ಕೊಟ್ಟು, ಆ ದಿನದ ಆರಂಭ ಅಂತ ಇಟ್ಟುಕೊಂಡಿದ್ದ. ಅಲ್ಲಿಂದ 24 ಗಂಟೆಯೊಳಗಿನ ಪಟ್ಟಿಗಳನ್ನು ಮಿಲಿಸೆಕೆಂಡ್ ನೋಡಿ ಕೂಡಿಸುತ್ತಿದ್ದ. ಈಗ ಜಾವಾಸ್ಕ್ರಿಪ್ಟಿನ ನಿಯಮ ಕೇಳಿ. ಬರೀ ತಾರೀಕು ಕೊಟ್ಟರೆ ಅದು ಯುಟಿಸಿಯ ಮಧ್ಯರಾತ್ರಿ. ತಾರೀಕಿನ ಜೊತೆ ಗಂಟೆಯನ್ನೂ ಕೊಟ್ಟು, ಯಾವ ವಲಯ ಅಂತ ಹೇಳದೇ ಬಿಟ್ಟರೆ ಅದು ಸ್ಥಳೀಯ ಸಮಯ. ಒಂದೇ ಭಾಷೆ, ಒಂದೇ ಕನ್‌ಸ್ಟ್ರಕ್ಟರ್, ಎರಡು ನಡತೆ. ಹಾಗಾಗಿ ಈ ಅಂಗಡಿಯ "ದಿನ" ಶುರುವಾಗುತ್ತಿದ್ದದ್ದು ಬೆಳಗ್ಗೆ 5:30ಕ್ಕೆ, ಮುಗಿಯುತ್ತಿದ್ದದ್ದು ಮರುದಿನ 5:30ಕ್ಕೆ.

ಇದರ ಮಜಾ ನೋಡಿ. 15ರ ನಸುಕಿನ 4:52ರ ಪಟ್ಟಿಯ ಮೇಲೆ 14 ಅಂತ ಅಚ್ಚಾಗುತ್ತಿತ್ತು. ಮೊತ್ತದಲ್ಲೂ ಅದು 14ರ ಲೆಕ್ಕಕ್ಕೇ ಹೋಗುತ್ತಿತ್ತು. ಎರಡು ತಪ್ಪೂ ಒಂದಕ್ಕೊಂದು ಹೊಂದಿಕೊಂಡಿದ್ದರಿಂದ ಚೀಟಿಗಳ ಮೊತ್ತಕ್ಕೂ ಪುಟದ ಮೊತ್ತಕ್ಕೂ ತಾಳೆ ಆಗುತ್ತಿತ್ತು. ಅದಕ್ಕೇ ಕಾಕಾ ಮೊತ್ತದ ಬಗ್ಗೆ ದೂರೇ ಹೇಳಿರಲಿಲ್ಲ. ಚೀಟಿಯ ತಾರೀಕು ಮಾತ್ರ ಸರಿ ಮಾಡಿ ಬಂದಿದ್ದರೆ ಮರುದಿನವೇ ಗಲ್ಲಾದಲ್ಲಿ ಕೊರತೆ ಕಾಣುತ್ತಿತ್ತು, ಗುಮಾಸ್ತರ ಮೇಲೆ ಕಣ್ಣು ಬೀಳುತ್ತಿತ್ತು.

ಸ್ಥಳೀಯ ಮಧ್ಯರಾತ್ರಿ ಬರುವ ಹಾಗೆ ತಾರೀಕಿನ ಕೊನೆಗೆ ಟಿ ಅಕ್ಷರ ಮತ್ತು 00:00:00 ಅಂಟಿಸಬಹುದಿತ್ತು. ಸರ್ ಇನ್ನೂ ಸರಳ ದಾರಿ ಹೇಳಿದರು. ಮೊತ್ತಕ್ಕೆ ಮಿಲಿಸೆಕೆಂಡೇ ಬೇಡ. ವ್ಯಾಪಾರದ ದಿನ ಅಂದರೆ ಒಂದು ಹೆಸರು ಅಷ್ಟೇ. ಪಟ್ಟಿಯ ಮೇಲಿನ ತಾರೀಕಿನ ಅಕ್ಷರಗಳು ಕೇಳಿದ ತಾರೀಕಿನ ಅಕ್ಷರಗಳಿಗೆ ಸಮ ಇದ್ದರೆ ಕೂಡಿಸು. ತಿಂಗಳ ಲೆಕ್ಕಕ್ಕೂ ಇದೇ ಸಾಕು, ವರ್ಷ-ತಿಂಗಳು-ದಿನದ ರೂಪವನ್ನು ಅಕ್ಷರ ಕ್ರಮದಲ್ಲಿ ಜೋಡಿಸಿದರೂ ಕಾಲದ ಕ್ರಮವೇ ಬರುತ್ತದೆ. ಹುಡುಗನ ಕೋಡಿನಿಂದ ಬಹಳಷ್ಟು ಸಾಲು ಅಳಿಸಿದೆವು. ರಿಪೇರಿಯಲ್ಲಿ ನನಗೆ ಇಷ್ಟವಾದ ಭಾಗ ಇದೇ.

ಬೀದರಿನ ಗೆಳತಿ ಇನ್ನೊಂದು ಬದಲಾವಣೆ ಮಾಡಿಸಿದಳು. ತಾರೀಕಿನ ಫಂಕ್ಷನ್ ತಾನೇ ಗಡಿಯಾರ ನೋಡಬಾರದು, ಸಮಯವನ್ನು ನಾವು ಕೈಯಲ್ಲಿ ಕೊಡಬೇಕು. ಹಾಗೆ ಮಾಡಿದ ಮೇಲೆ ಪರೀಕ್ಷೆಗೆ ನಸುಕಿನಲ್ಲಿ ಏಳುವ ಗೋಜಿಲ್ಲ. 5:29 ಕೊಟ್ಟು ನೋಡು, 5:30 ಕೊಟ್ಟು ನೋಡು, ರಾತ್ರಿ 12ಕ್ಕೆ ಒಂದು ನಿಮಿಷ ಮೊದಲು ಕೊಟ್ಟು ನೋಡು, ಡಿಸೆಂಬರ್ 31 ಕೊಟ್ಟು ನೋಡು. ಎಲ್ಲ ಕೂತಲ್ಲೇ ಆಯಿತು.

ಹಳೇ ಪಟ್ಟಿಗಳು

ಹಳೆಯ ಪಟ್ಟಿಗಳನ್ನು ಸರಿ ಮಾಡುವುದು ಅಂದುಕೊಂಡಷ್ಟು ಸಲೀಸಲ್ಲ. ಮಿಲಿಸೆಕೆಂಡ್‌ನಿಂದ ಎಲ್ಲಕ್ಕೂ ಹೊಸ ತಾರೀಕು ಹಾಕಿಬಿಡೋಣ ಅಂತ ಹುಡುಗ ಹೊರಟ. ಆದರೆ ಗುಮಾಸ್ತರು ಕೆಲವನ್ನು ಕಂಡಾಗಲೇ ಕೈಯಿಂದ ತಿದ್ದಿದ್ದರು. ಇನ್ನು ಕೆಲವು, ಕರೆಂಟು ಇಲ್ಲದ ದಿನ ಕಾಗದದಲ್ಲಿ ಬರೆದು ಮರುದಿನ ಬೇಕೆಂದೇ ಹಿಂದಿನ ತಾರೀಕಿಗೆ ಸೇರಿಸಿದವು. ಅವನ್ನು ಮುಟ್ಟಿದರೆ ಸರಿ ಇದ್ದದ್ದು ಕೆಡುತ್ತದೆ. ಹಾಗಾಗಿ ಪಟ್ಟಿಯ ತಾರೀಕು ಯುಟಿಸಿ ತಾರೀಕಿಗೆ ಸಮ ಇದ್ದು, ಸ್ಥಳೀಯ ತಾರೀಕಿಗೆ ಸಮ ಇಲ್ಲದಿದ್ದರೆ ಮಾತ್ರ ಅದನ್ನು ಸಂಶಯದ್ದು ಅಂತ ಬೇರೆ ತೆಗೆದೆವು. ಅವನ್ನು ತಾನೇ ತಿದ್ದುವ ಬದಲು ಅಚ್ಚು ಹಾಕಿ ಗುಮಾಸ್ತರ ಕೈಗೆ ಕೊಟ್ಟೆವು.

ಅವರು ಕೈಯಿಂದ ಬರೆಯುವ ಕಿರ್ದಿ ಇನ್ನೂ ಬಿಟ್ಟಿಲ್ಲ. ಕೆಂಪು ಬಟ್ಟೆಯ ರಟ್ಟಿನ ಪುಸ್ತಕ. ಒಂದೊಂದೇ ಸಾಲಿಗೆ ಬೆರಳಿಟ್ಟು ತಾಳೆ ನೋಡಿದರು. "ನಿಮ್ ಮಷೀನಿಗಿಂತ ಇದೇ ಛಲೋ ಅದ ನೋಡ್ರಿ" ಎಂದರು. ಆ ದಿನದ ಮಟ್ಟಿಗೆ ಎದುರು ಮಾತಾಡುವಂತಿರಲಿಲ್ಲ.

ಗುಮಾಸ್ತರ ಬಾಯಿಂದ ಬಂದ ಇನ್ನೊಂದು

ತಾಳೆ ನೋಡುವಾಗ ಅವರು ಸುಮ್ನೆ ಹೇಳಿದರು, ಒಮ್ಮೊಮ್ಮೆ ತೂಕ ಹಾಕಿದರೂ ಮೊತ್ತ ಸೊನ್ನೆ ಬರುತ್ತದೆ, ಆಗ ಅಳಿಸಿ ಮತ್ತೆ ಹಾಕುತ್ತೇನೆ. ಟ್ಯಾಬಿಗೆ ವಯಸ್ಸಾಗಿದೆ ಅಂದುಕೊಂಡಿದ್ದರಂತೆ. ನನ್ನ ಎದುರು ಹಾಕಿ ತೋರಿಸಿ ಅಂದೆ. ಅವರ ಕೀಬೋರ್ಡ್ ಕನ್ನಡದ್ದು. ಒತ್ತಿದ್ದು ೨೫.

ಜಾವಾಸ್ಕ್ರಿಪ್ಟಿನ ನಂಬರ್ ಫಂಕ್ಷನ್‌ಗೆ 25 ಗೊತ್ತು, ೨೫ ಗೊತ್ತಿಲ್ಲ. ಅಂಕಿ ಅಲ್ಲ ಅನ್ನುತ್ತದೆ. ಅಕ್ಷರಗಳ ನಮೂನೆ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಅಂಕಿಯ ಗುರುತು ಅಂತ ಇರುವುದೂ 0ರಿಂದ 9ರವರೆಗೆ ಮಾತ್ರ. ಹುಡುಗ ಅದರ ಮುಂದೆ "ಇಲ್ಲದಿದ್ದರೆ 0" ಅಂತ ಬರೆದಿದ್ದರಿಂದ ತಪ್ಪು ಕಾಣದೆ ಸೊನ್ನೆಯಾಗಿ ಹರಿದುಹೋಗುತ್ತಿತ್ತು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ೦ಯ ಸಂಖ್ಯೆ 3302, ೯ರದ್ದು 3311. ಸಾಲಾಗಿರುವುದರಿಂದ ಪ್ರತಿ ಕನ್ನಡ ಅಂಕಿಯ ಸಂಖ್ಯೆಯಿಂದ 3302 ಕಳೆದರೆ ಬೇಕಾದ ಅಂಕಿ ಸಿಗುತ್ತದೆ. ಒಂದು ರಿಪ್ಲೇಸ್, ಮುಗಿಯಿತು. ಕನ್ನಡದಲ್ಲಿ ಫಾರ್ಮ್ ಬರೆಯುವ ಎಲ್ಲರೂ ಇದನ್ನು ಹಾಕಬೇಕು ಅನ್ನುವುದು ನನ್ನ ಹಟ. ಕನ್ನಡ ಕೀಬೋರ್ಡ್ ಬಳಸಿದವರಿಗೆ ಪುಟವೇ ಶಿಕ್ಷೆ ಕೊಟ್ಟ ಹಾಗೆ ಆಗಬಾರದು.

ಅದೇ ಜಾಗದಲ್ಲಿ ಇನ್ನೊಂದು ಚರ್ಚೆ ಎದ್ದಿತು. ದರದ ಪೆಟ್ಟಿಗೆಯಲ್ಲಿ ನಂಬರ್ ಬದಲು ಪಾರ್ಸ್ ಫ್ಲೋಟ್ ಎಂಬ, ಅಕ್ಷರಗಳಿಂದ ಸಂಖ್ಯೆ ತೆಗೆಯುವ ಇನ್ನೊಂದು ಫಂಕ್ಷನ್ ಇತ್ತು. ಅದಕ್ಕೆ 1,250 ಕೊಟ್ಟರೆ ಅಲ್ಪವಿರಾಮದ ಹತ್ತಿರ ನಿಂತು 1 ಅನ್ನುತ್ತದೆ. ಸಾವಿರದ ಮೊತ್ತ ಒಂದು ರೂಪಾಯಿ, ಅದೂ ಸದ್ದಿಲ್ಲದೆ. ನಂಬರ್ ಆದರೆ ಅಂಕಿ ಅಲ್ಲ ಅಂತ ಕೂಗುತ್ತದೆ. ಕೂಗುವುದೇ ವಾಸಿ ಎಂದಳು ಗೆಳತಿ. ಖಾಲಿ ಪೆಟ್ಟಿಗೆ ಕೊಟ್ಟರೆ ನಂಬರ್ ಕೂಡ 0 ಅನ್ನುತ್ತದಲ್ಲ ಅಂತ ಸರ್ ತಿರುಗಿ ಕೇಳಿದರು. ಇಬ್ಬರದ್ದೂ ಸರಿ. ಹಾಗಾಗಿ ಅಲ್ಪವಿರಾಮ ತೆಗೆದು, ಖಾಲಿ ಇದೆಯಾ ಅಂತ ಮೊದಲು ನೋಡಿ, ಆಮೇಲೆ ನಂಬರ್, ಅದು ಸರಿ ಬಾರದಿದ್ದರೆ ಪೆಟ್ಟಿಗೆ ಕೆಂಪಾಗಿ ಬಟನ್ ಒತ್ತಲು ಬಾರದ ಹಾಗೆ ಮಾಡಿದೆವು. ಹಣವನ್ನು ಪೈಸೆಯ ಪೂರ್ಣಾಂಕದಲ್ಲಿ ಇಟ್ಟೆವು. 4.35 ಅನ್ನು 100ರಿಂದ ಗುಣಿಸಿದರೆ ಜಾವಾಸ್ಕ್ರಿಪ್ಟ್ 434.99999999999994 ಅನ್ನುತ್ತದೆ, ಕೆಳಕ್ಕೆ ಇಳಿಸಿದರೆ ಒಂದು ಪೈಸೆ ಮಾಯ. ಗುಣಿಸಿದ ಕೂಡಲೇ ಹತ್ತಿರದ ಪೂರ್ಣಾಂಕಕ್ಕೆ ತರಬೇಕು.

ಚೀಟಿಯಲ್ಲಿ ಹೆಸರು ಅರ್ಧ ಆಗುತ್ತಿದ್ದದ್ದೂ ಇಂಥದ್ದೇ. ಕಲ್ಲಪ್ಪ ಅನ್ನುವ ಹೆಸರು ನಮ್ಮ ಕಣ್ಣಿಗೆ ಮೂರು ಅಕ್ಷರ, ಜಾವಾಸ್ಕ್ರಿಪ್ಟಿನ ಲೆಕ್ಕದಲ್ಲಿ ಉದ್ದ 7. ಆರಕ್ಕೆ ಕತ್ತರಿಸಿದರೆ ಕಲ್ಲಪ್ ಅಂತ ಉಳಿಯುತ್ತದೆ. ಎಣಿಸಿ ಕತ್ತರಿಸುವುದನ್ನೇ ತೆಗೆದು, ಉದ್ದದ ಹೆಸರು ಎರಡನೇ ಸಾಲಿಗೆ ಇಳಿಯಲು ಪುಟದ ರೂಪ ನೋಡಿಕೊಳ್ಳುವ ಸಿಎಸ್ಎಸ್‌ಗೆ ಬಿಟ್ಟೆವು. ಸ್ವಲ್ಪ ಕಾಗದ ಜಾಸ್ತಿ ಹೋಗುತ್ತದೆ, ಹೋಗಲಿ.

ಟ್ಯಾಬಿಗೆ ಹಾಕಿದ್ದು

ಹೊಸ ಫೈಲುಗಳನ್ನು ಹೋಸ್ಟಿಂಗ್‌ಗೆ ಹಾಕಿದರೂ ಟ್ಯಾಬಿನಲ್ಲಿ ಹಳೆಯದೇ ಓಡುತ್ತಿತ್ತು. ನೆಟ್ ಇಲ್ಲದೆಯೂ ನಡೆಯಲಿ ಅಂತ ಹುಡುಗ ಸರ್ವಿಸ್ ವರ್ಕರ್ ಇಟ್ಟಿದ್ದ, ಅದು ತನ್ನ ಹತ್ತಿರದ ಹಳೇ ನಕಲನ್ನೇ ಕೊಡುತ್ತಿತ್ತು. ಕ್ಯಾಶ್‌ನ ಹೆಸರು ಬದಲಿಸಿ, ಬ್ರೌಸರಿನಲ್ಲಿ ಆ ಪುಟದ ಎಲ್ಲ ಕಿಟಕಿ ಮುಚ್ಚಿ ಮತ್ತೆ ತೆರೆದ ಮೇಲೆ ಹೊಸದು ಬಂತು. ಬ್ರೌಸರ್ ಡೇಟಾ ಪೂರ್ತಿ ಅಳಿಸಬೇಡಿ, ಲೆಕ್ಕವೂ ಹೋಗುತ್ತದೆ ಅಂತ ಟ್ಯಾಬಿನ ಹಿಂದೆ ಚೀಟಿ ಅಂಟಿಸಿದ್ದೇವೆ. ಪುಟದ ಮೂಲೆಯಲ್ಲಿ ಆವೃತ್ತಿಯ ನಂಬರ್ ಕಾಣುತ್ತದೆ. ಫೋನಿನಲ್ಲಿ ದೂರು ಬಂದರೆ ಮೊದಲು ಕೇಳುವುದು ಅದನ್ನೇ.

ಈಗ ಕಾಕಾರಿಗೆ ಇನ್ನೊಂದು ಟ್ಯಾಬ್ ಬೇಕು. ಗಾಡಿ ಜಾಸ್ತಿ ಬಂದ ದಿನ ಒಂದೇ ಕಡೆ ಸಾಲು ನಿಲ್ಲುತ್ತದೆ. ಆದರೆ ಪಟ್ಟಿಯ ನಂಬರ್ ಬರುವುದು ಹಿಂದಿನದಕ್ಕೆ 1 ಕೂಡಿಸಿ. ಎರಡು ಟ್ಯಾಬಿದ್ದರೆ ಒಂದೇ ನಂಬರಿನ ಎರಡು ಚೀಟಿ ಹುಟ್ಟುತ್ತವೆ. ಈ ಸಲ ಹುಡುಗ ತಾನೇ ಕೂತು ಒಂದು ಚಿಕ್ಕ ಪುಟ ಮಾಡಿದ. ಎರಡು ಬಟನ್, ಎರಡು ಬೇರೆ ಸ್ಟೋರೇಜ್ ಹೆಸರು, ಒತ್ತಿದರೆ ನಂಬರ್ ಡಿಕ್ಕಿ ಹೊಡೆಯುವುದು ಎದುರಿಗೇ ಕಾಣುತ್ತದೆ. ಕೆಳಗೆ ಮೂರು ಸಾಲು: ಏನು ಆಗಬೇಕು, ಏನು ಆಗುತ್ತಿದೆ, ಯಾವ ಬ್ರೌಸರ್. ಬೀದರಿಗೆ ಕಳಿಸಿದ. ಆ ರಾತ್ರಿಯೇ ಉತ್ತರ ಬಂತು: ಪ್ರತಿ ಸಲ ಬೇರೆಯದೇ ಗುರುತು ಹುಟ್ಟಿಸುವ, ಬ್ರೌಸರಿನಲ್ಲೇ ಇರುವ ಕ್ರಿಪ್ಟೊದ ರ‍್ಯಾಂಡಮ್-ಯುಯುಐಡಿ ಬಳಸು. ಮನೆಯಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸದಿಂದ ಟ್ಯಾಬಿನಲ್ಲಿ ತೆರೆದರೆ ಆ ಫಂಕ್ಷನ್ನೇ ಇಲ್ಲ ಅಂತ ಬಂತು. ಅದು ಸಿಗುವುದು ಸುರಕ್ಷಿತ ಸಂಪರ್ಕ, ಅಂದರೆ ಎಚ್‌ಟಿಟಿಪಿಎಸ್ ಇರುವ ಕಡೆ ಅಥವಾ ಪುಟ ಇರುವ ಯಂತ್ರದಲ್ಲೇ ತೆರೆದಾಗ, ಅಂದರೆ ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ. ಹೋಸ್ಟಿಂಗ್‌ಗೆ ಹಾಕಿದ ಮೇಲೆ ನಡೆಯಿತು.

ಆದರೆ ಅಷ್ಟುದ್ದದ ಗುರುತನ್ನು ರೈತನಿಗೆ ಓದಿ ಹೇಳಲು ಆಗುವುದಿಲ್ಲ. ಅದು ಒಳಗೆ ಇರಲಿ ಅಂತ ಬಿಟ್ಟು, ಚೀಟಿಯ ಮೇಲೆ ಒಂದು ಟ್ಯಾಬಿನ ನಂಬರಿಗೆ ಮುಂದೆ ಕ, ಇನ್ನೊಂದಕ್ಕೆ ಗ ಅಂತ ಹಚ್ಚಿದ್ದೇವೆ. ಸಂಜೆ ಎರಡೂ ಟ್ಯಾಬಿನ ಫೈಲು ಲ್ಯಾಪ್‌ಟಾಪಿಗೆ ಹಾಕಿ ಕೂಡಿಸುವುದು ಹುಡುಗನ ಕೆಲಸ. ನೆಟ್ ಬಂದಾಗ ಅವೇ ಕೂಡಿಕೊಳ್ಳುವ ಹಾಗೆ ಮಾಡಲು ಆಗುತ್ತದಾ ಅಂತ ಈ ಶನಿವಾರ ಮೇಜಿಗೆ ತರುತ್ತಾನಂತೆ.